ಸರ್ಕಲ್ಲಿನ ಫ್ಲೆಕ್ಸಿಗೆ ಬಿದ್ದ ತೂತು

ಹೋದ ಭಾನುವಾರ ಬೆಳಿಗ್ಗೆ ನಾನು ಉಪ್ಪಿಟ್ಟಿಗೆ ಒಗ್ಗರಣೆ ಹಾಕುವ ಹೊತ್ತಿಗೆ ನಮ್ಮ ಟಿವಿಯಲ್ಲಿ ಎಂಟು ಹುಡುಗಿಯರು ನೀರಿಗೆ ಹಾರಿದರು. ಉಪ್ಪಿಟ್ಟು ಬೆಂದಿತು, ತಟ್ಟೆಗೆ ಬಂತು, ಮೇಲೆ ಶೇವು ಉದುರಿಸಿಕೊಂಡು ನಾನು ತಿಂದೂ ಮುಗಿಸಿದೆ. ಅವರು ಇನ್ನೂ ಈಜುತ್ತಲೇ ಇದ್ದರು.

ವಿಶ್ವ ಈಜು ಚಾಂಪಿಯನ್‌ಶಿಪ್ಪಂತೆ. ಹೆಂಗಸರ ಸಾವಿರದೈನೂರು ಮೀಟರ್ ಫ್ರೀಸ್ಟೈಲ್. ಫೈನಲ್ ಕೂಡ ಅಲ್ಲ, ಅದಕ್ಕೂ ಮೊದಲಿನ ಹೀಟ್ಸು. ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ, ಹೀಗೆ ಮೂವತ್ತು ಸಲ. ನೂರು ಮೀಟರ್ ಓಟವಾದರೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ನೋಡುವವರಿಗೂ ಗಮ್ಮತ್ತು. ಇದನ್ನು ಯಾರು ಕೂತು ನೋಡುತ್ತಾರೆ? (ನಾನಂತೂ ನೋಡುವವಳಲ್ಲ. ನೀರು ಬಕೆಟ್ಟಿನಲ್ಲಿದ್ದರೆ ಮಾತ್ರ ನನಗೆ ಧೈರ್ಯ.)

ನೋಡುತ್ತಿದ್ದವಳು ರೇಣುಕಾ. ನಮ್ಮ ಮನೆಗೆ ಹಾಲು ಹಾಕುವ, ಪಕ್ಕದ ಹಳ್ಳಿ ಹುನ್ನೂರಿನ ಬೀರಪ್ಪನ ಮಗಳು. ನಾನು ಪಾಠ ಮಾಡುವ ಹೈಸ್ಕೂಲಿನಲ್ಲೇ ಒಂಬತ್ತನೇ ಕ್ಲಾಸು ಓದುತ್ತಾಳೆ. ಹಾಲಿನ ಕ್ಯಾನು ಬಾಗಿಲ ಬಳಿ ಇಟ್ಟು, ಟಿವಿಯ ಎದುರು ನೆಲದ ಮೇಲೆ ಕೂತಿದ್ದಳು. ಅವಳಿಗೆಂದು ಕೊಟ್ಟ ಉಪ್ಪಿಟ್ಟು ತೊಡೆಯ ಮೇಲೆ ತಣ್ಣಗಾಗುತ್ತಿತ್ತು.

“ತಿನ್ನವಾ, ಆರಾಕತ್ತೈತಿ” ಎಂದೆ.

“ತಿಂತೀನ್ರಿ ಅಕ್ಕಾರ. ನೋಡ್ರಿ ಇಲ್ಲೆ, ಗೋಡಿ ಮುಟ್ಟೂಕಿಂತ ಮೊದ್ಲ ಪಲ್ಟಿ ಹೊಡದ ಬಿಡ್ತಾರ. ನಾ ಕೈಲೆ ಹಿಡದ, ನಿಂತ, ತಿರುಗಿ ಬರತಿದ್ನಿ. ಅದಕ್ಕ ನಂಗ ಹೊತ್ತ ಆಗತಿತ್ತು.”

ಅವಳು ಆ ಹೊತ್ತಿನಲ್ಲಿ ನನ್ನ ಮನೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂರಬೇಕಾದವಳೇ ಅಲ್ಲ. ಅದೇ ಭಾನುವಾರ ರಾಜ್ಯಮಟ್ಟದ ಶಾಲಾ ಈಜು ಸ್ಪರ್ಧೆ ಇತ್ತು. ನಮ್ಮ ಜಿಲ್ಲೆಯಿಂದ ದೂರದ ಈಜಿಗೆ ಆಯ್ಕೆಯಾದವಳು ಇವಳೇ. ಮತ್ತೆ ಯಾಕೆ ಹೋಗಲಿಲ್ಲ? ಹೇಳುತ್ತೇನೆ. ಹೇಳಲು ಮನಸ್ಸಿಲ್ಲ, ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ.

ಹುನ್ನೂರಿನ ಹೊಲದಲ್ಲಿ ಬೀರಪ್ಪನದೊಂದು ಕಲ್ಲು ಕಟ್ಟಿದ ದೊಡ್ಡ ಬಾವಿ ಇದೆ. ನಮ್ಮ ಕಡೆ ಗಂಡುಹುಡುಗರು ಈಜು ಕಲಿಯುವುದು ಇಂಥ ಬಾವಿಗಳಲ್ಲೇ ಎಂದು ನಿಮಗೆ ಗೊತ್ತು. ಬೇಸಿಗೆ ರಜೆ ಬಂತೆಂದರೆ ಕಾಕಾನೋ ಮಾವನೋ ಹುಡುಗನ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಮೇಲಿನಿಂದ ನೂಕಿಬಿಡುತ್ತಾರೆ. ನೀರು ಕುಡಿದು, ಕೈಕಾಲು ಬಡಿದು, ಬೈದು, ಅತ್ತು, ನಾಲ್ಕನೇ ದಿನಕ್ಕೆ ಹುಡುಗ ಡಬ್ಬಿ ಬಿಚ್ಚಿ ತಾನೇ ಹಾರುತ್ತಾನೆ. ಹೆಣ್ಣುಮಕ್ಕಳು ಏನು ಮಾಡುತ್ತಾರೆ? ದಂಡೆಯ ಮೇಲೆ ಕೂತು ಅಣ್ಣತಮ್ಮಂದಿರ ಅಂಗಿ ಚಡ್ಡಿ ಕಾಯುತ್ತಾರೆ. ನಾನೂ ಕಾದವಳೇ.

ಇತ್ತ ಕೃಷ್ಣೆ, ಅತ್ತ ಘಟಪ್ರಭೆ. ಎರಡು ಹೊಳೆಗಳ ನಡುವೆ ಬದುಕುವ ಜನ ನಾವು. ಬಟ್ಟೆ ಒಗೆಯಲು, ಕೌದಿ ತೊಳೆಯಲು, ಪಾತ್ರೆ ಬೆಳಗಲು ದಿನಾ ನೀರಿಗೆ ಇಳಿಯುವವರು ಹೆಂಗಸರು. ಈಜು ಬರುವುದು ಗಂಡಸರಿಗೆ! ಇದು ಯಾವ ಸೀಮೆಯ ಲೆಕ್ಕ ಸ್ವಾಮಿ?

ಬೀರಪ್ಪನ ಅಕ್ಕ ಅದೇ ಬಾವಿಯಲ್ಲಿ ಮುಳುಗಿ ಹೋದವಳು. ಕೊಡ ತುಂಬಲು ಇಳಿದಾಗ ಪಾವಟಿಗೆಯ ಮೇಲೆ ಕಾಲು ಜಾರಿತು. ಈಜು ಬರುವ ಅಣ್ಣಂದಿರು ಕೂಗಳತೆಯಲ್ಲೇ ಕಬ್ಬಿಗೆ ನೀರು ಹಾಯಿಸುತ್ತಿದ್ದರಂತೆ. ಯಾರೂ ಆ ಕಡೆ ನೋಡಲಿಲ್ಲ, ಅಷ್ಟೇ. ಬೀರಪ್ಪ ಆಗ ಇನ್ನೂ ಚಿಕ್ಕವನು. “ನನಗ ಹೆಣ್ಣ ಹುಟ್ಟಿದರ ಮೊದ್ಲ ಈಸೂದ ಕಲಸ್ತೀನಿ, ಆಮ್ಯಾಲ ನಡಿಯೂದು ಅಂತ ಬೀರದೇವರ ಗುಡಿ ಮುಂದ ನಿಂತ ಅಂದಿದ್ನ್ರಿ” ಎಂದು ಒಮ್ಮೆ ಹಾಲು ಅಳೆಯುತ್ತಾ ಹೇಳಿದ್ದ.

ಹುಟ್ಟಿದ್ದು ಹೆಣ್ಣೇ. ಮಾತು ಉಳಿಸಿಕೊಂಡ. ಮನೆಯ ಹಿರಿಯರು ಬೈದರು, ಓಣಿಯವರು ನಕ್ಕರು, ಹುಡುಗಿ ದೊಡ್ಡವಳಾದ ಮೇಲಾದರೂ ಬಿಡಿಸು ಎಂದು ಹೆಂಡತಿಯೇ ಕಾಲಿಗೆ ಬಿದ್ದಳು. ಬೀರಪ್ಪ ಬಿಡಲಿಲ್ಲ. ಬೆಳಗಿನ ಹಾಲು ಹಾಕಿ ಹೊಲಕ್ಕೆ ವಾಪಸು ಬಂದವನೇ ಬಾವಿಯ ಕಟ್ಟೆ ಮೇಲೆ ಟವೆಲ್ ಹಿಡಿದು ನಿಲ್ಲುತ್ತಿದ್ದ. ಮಗಳು ಒಳಗೆ ಗಾಣದ ಎತ್ತಿನಂತೆ ಸುತ್ತು ಹಾಕುತ್ತಿದ್ದಳು. ಪಂಪ್‌ಸೆಟ್ಟಿಗೆ ಕರೆಂಟು ಬಂದು ಹೋಗುವವರೆಗೂ ಸುತ್ತುತ್ತಿದ್ದಳಂತೆ. ದಣಿವು ಎಂಬ ಮಾತೇ ಇಲ್ಲ.

ಹೇಗೋ ನಮ್ಮ ಶಾಲೆಯ ಪಿ.ಟಿ. ಮಾಸ್ತರರಿಗೆ ಇದು ಗೊತ್ತಾಗಿ ಜಿಲ್ಲಾ ಸ್ಪರ್ಧೆಗೆ ಕರೆದುಕೊಂಡು ಹೋದರು. ಅಲ್ಲಿಯವರೆಗೆ ಅವಳು ಈಜುಕೊಳ ನೋಡಿರಲೇ ಇಲ್ಲ. ನೋಡಿ ಹೆದರಿದಳು. “ತಳಾ ಕಾಣತೈತ್ರೀ!” ಎಂದು ಮಾಸ್ತರರ ಹಿಂದೆ ನಿಂತಳಂತೆ. ಬಾವಿಯ ಹಸಿರು ಕತ್ತಲೆಯಲ್ಲಿ ಹೆದರದವಳು ತಿಳಿನೀರಿಗೆ ಹೆದರಿದ್ದಳು. ಸುತ್ತು ಹಾಕಿ ರೂಢಿಯಾದ ಹುಡುಗಿಗೆ ನೇರ ಹೋಗಿ ಗೋಡೆ ಮುಟ್ಟಿ ತಿರುಗುವುದೂ ಹೊಸದು. ಆದರೂ ಮೊದಲು ಬಂದಳು. (ಸುಳ್ಳು ಯಾಕೆ ಹೇಳಲಿ? ಸ್ಪರ್ಧೆಗೆ ಇದ್ದವರೇ ನಾಲ್ಕು ಜನ. ನಾಲ್ಕೇ ಜನ ಯಾಕೆ ಎಂದು ಕೇಳಿಕೊಳ್ಳಬೇಕಾದವರು ನಾವು.)

ವಾಪಸು ಬಂದ ಮೇಲೆ ಬಾವಿಯ ಗೋಡೆಗೆ ಕಾಲು ಒದ್ದು ಪಲ್ಟಿ ಹೊಡೆಯುವುದನ್ನು ಕಲಿಯತೊಡಗಿದಳು. ಒರಟು ಕಲ್ಲು. ಅಂಗಾಲು ತರಚಿ ಕ್ಲಾಸಿನಲ್ಲಿ ಚಪ್ಪಲಿ ಬಿಟ್ಟು ಕೂರುತ್ತಿದ್ದಳು. ರಾಜ್ಯಮಟ್ಟಕ್ಕೆ ಇನ್ನೂ ಕೆಲವು ವಾರ ಇತ್ತು.

ಆಗ ಅವಳ ಕಾಕಾ ಶಿವಪ್ಪನಿಗೆ ಹೆಮ್ಮೆ ಉಕ್ಕಿತು.

ಶಿವಪ್ಪ ಬೀರಪ್ಪನ ಖಾಸಾ ತಮ್ಮ. ನಮ್ಮ ಜಮಖಂಡಿಯಲ್ಲೇ ಗೊಬ್ಬರದ ಅಂಗಡಿ. ಕೆಟ್ಟವನಲ್ಲ. ಊರಲ್ಲಿ ಯಾರದೇ ಮದುವೆ, ಮರಣ, ಆಸ್ಪತ್ರೆ ಎಂದರೂ ಮೊದಲು ಓಡುವವನು. ಮುಂದಿನ ಚುನಾವಣೆಗೆ ನಿಲ್ಲುವ ಸಣ್ಣ ಆಸೆ ಇದೆ, ಯಾರಿಗಿಲ್ಲ? ಅಣ್ಣನ ಮಗಳು ಜಿಲ್ಲೆಗೆ ಫಸ್ಟ್ ಬಂದಿದ್ದಾಳೆ ಎಂದಮೇಲೆ ಸುಮ್ಮನಿರುವುದು ಹೇಗೆ? ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಹಾಕಿಸಿಯೇಬಿಟ್ಟ.

ಫ್ಲೆಕ್ಸಿನ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಜಮಖಂಡಿ ಇರಲಿ, ಮುಧೋಳ ಇರಲಿ, ಬೀಳಗಿ ಇರಲಿ, ರಬಕವಿ-ಬನಹಟ್ಟಿ ಇರಲಿ, ಬಸ್ಸಿಳಿದವನಿಗೆ ಮೊದಲು ಕಾಣುವುದು ಊರಲ್ಲ, ಫ್ಲೆಕ್ಸು. ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಓಟದಲ್ಲಿ ಗೆದ್ದ ನಾಯಿಗೂ ಫ್ಲೆಕ್ಸು. ಮೇಲಿನ ಸಾಲಿನಲ್ಲಿ ದೊಡ್ಡ ನಾಯಕರು, ಅದರ ಕೆಳಗೆ ನಡುವಿನ ನಾಯಕರು, ಕೆಳತುದಿಯಲ್ಲಿ ಕೈಮುಗಿದು ನಿಂತ ಶುಭ ಕೋರುವವರು. ಯಾರಿಗಾಗಿ ಫ್ಲೆಕ್ಸ್ ಹಾಕಿದ್ದಾರೋ ಅವರು ಎಲ್ಲೋ ನಡುವೆ.

ಶಿವಪ್ಪ ಪ್ರಿಂಟಿಂಗ್ ಅಂಗಡಿಗೆ ಕೊಟ್ಟಿದ್ದು ರೇಣುಕಾಳ ಶಾಲೆಯ ಫೋಟೋ. ಯೂನಿಫಾರಂ, ಎರಡು ಜಡೆ, ಕೆಂಪು ರಿಬ್ಬನ್ನು. ಅಂಗಡಿಯ ಡಿಸೈನರನಿಗೆ ಅದು ಹಿಡಿಸಲಿಲ್ಲ. “ಇದರಾಗ ಈಸಾಕಿ ಅಂತ ಗೊತ್ತ ಆಗೂದಿಲ್ಲಲ್ರಿ” ಎಂದ. “ನೀ ಛಲೋ ಕಾಣೂ ಹಂಗ ಮಾಡಪಾ” ಎಂದು ಶಿವಪ್ಪ ಎದ್ದು ಬಂದ. ಡಿಸೈನರು ಚೆನ್ನಾಗಿ ಕಾಣುವ ಹಾಗೆ ಮಾಡಿದ. ಇಂಟರ್ನೆಟ್ಟಿನಿಂದ ಯಾವುದೋ ದೇಶದ ಈಜುಗಾರ್ತಿಯ ಚಿತ್ರ ಇಳಿಸಿ, ಕುತ್ತಿಗೆಯ ಮೇಲೆ ರೇಣುಕಾಳ ಮುಖ ಅಂಟಿಸಿದ. ಎರಡು ಜಡೆ, ಕೆಂಪು ರಿಬ್ಬನ್ನು, ಹಣೆಯಲ್ಲಿ ಕುಂಕುಮ. ಕೆಳಗೆ ಈಜುಡುಗೆಯಲ್ಲಿ ನಿಂತ ಯಾರೋ ಬೆಳೆದ ಹೆಂಗಸಿನ ಮೈ.

ಅಚ್ಚಾಗುವ ಮೊದಲು ಶಿವಪ್ಪನ ಮೊಬೈಲಿಗೆ ಡಿಸೈನ್ ಬಂದಿತ್ತು. ಅವನೂ ಅವನ ಗೆಳೆಯರೂ ಗೊಬ್ಬರದ ಚೀಲಗಳ ಮೇಲೆ ಕೂತು ಬಹಳ ಹೊತ್ತು ತಿದ್ದಿದರು. ಯಾವ ನಾಯಕರ ಮುಖ ಯಾರ ಮುಖಕ್ಕಿಂತ ಮೇಲಿರಬೇಕು, ಯಾರ ಪಕ್ಕ ಯಾರು, ಹೋದ ಸಲ ಬಿಟ್ಟುಹೋಗಿ ಸಿಟ್ಟಾದವರು ಯಾರು. ಎರಡು ಸಲ ವಾಪಸು ಕಳಿಸಿದರು. ಮೂರನೇ ಸಲ ಎಲ್ಲ ಸರಿಯಾಯಿತು.

ನಡುವಿನ ಹುಡುಗಿಯನ್ನು ಯಾರೂ ನೋಡಲೇ ಇಲ್ಲ.

ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಅದಕ್ಕೇ ಶಿವಪ್ಪನ ಅಂಗಡಿಗೆ ಹೋಗಿ ಕೇಳಿದೆ. “ಶಿವಪ್ಪಾ, ಖರೆ ಹೇಳು, ನೀ ಅದನ್ನ ನೋಡಿರಲಿಲ್ಲೇನು?”

ಪಾಪ, ಅವನ ಮುಖ ಬಾಡಿಹೋಗಿತ್ತು. “ಬೀರದೇವರ ಆಣಿ ಅಕ್ಕಾರ, ನೋಡಿಲ್ರಿ. ಆಕಿ ನಮ್ಮ ಹುಡುಗಿ, ಆಕೀ ಫೋಟೋದಾಗ ಏನ ತಪ್ಪ ಆಗತೈತಿ ಅಂತ ಆ ಕಡೆ ಲಕ್ಷ್ಯಾನ ಕೊಡಲಿಲ್ರಿ. ಮ್ಯಾಲಿನ ಸಾಲಾಗ ತಪ್ಪಾದ್ರ ಜಗಳಾ ಆಗತಾವ್ರಿ. ನಾ ಛಲೋ ಮಾಡಾಕ ಹೋದ್ನಿರಿ.”

ಬೈಯಲು ಹೋಗಿದ್ದೆ. ಬೈಯದೆ ಎದ್ದೆ. ಆದರೆ ನಾನು ಏಳುವಾಗ ಅವನು ಇನ್ನೊಂದು ಮಾತು ಹೇಳಿದ. “ಇನ್ನೊಂದ ಫ್ಲೆಕ್ಸ್ ಹಾಕಸ್ತೀನ್ರಿ ಅಕ್ಕಾರ. ಈ ಸರ್ತಿ ಸೀರಿ ಉಟ್ಟ ಫೋಟೋ!” ಇದಕ್ಕೆ ಏನು ಹೇಳುತ್ತೀರಿ? ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಂದೆ.

ಬೀರಪ್ಪ ಅದನ್ನು ನೋಡಿದ್ದು ಬೆಳಿಗ್ಗೆ ಹಾಲು ತರುವಾಗ. ಸರ್ಕಲ್ಲಿನ ಚಹಾದಂಗಡಿಯವರು ಹೇಳಿದ ಪ್ರಕಾರ, ಬೈಕು ನಿಲ್ಲಿಸಿದ, ಮೇಲೆ ನೋಡಿದ. ಆಮೇಲೆ ಮೇವು ಕೊಯ್ಯುವ ಕುಡಗೋಲನ್ನು ಬೈಕಿನ ಚೀಲದಿಂದ ತೆಗೆದು ಬಂಬೂ ಹಿಡಿದು ಹತ್ತಿದ. ಜನ ಸೇರಿದರು. ಫ್ಲೆಕ್ಸ್ ಹರಿಯುತ್ತಾನೆ, ನಾಯಕರಿಗೆ ಅವಮಾನ ಆಗುತ್ತದೆ ಎಂದು ಯಾರೋ ಕೂಗಿದರು. ಅವನು ಯಾರನ್ನೂ ಮುಟ್ಟಲಿಲ್ಲ. ಮಗಳ ಚಿತ್ರದ ಸುತ್ತ ಕುಡಗೋಲು ಆಡಿಸಿ, ಅಷ್ಟನ್ನೇ ಕೊಯ್ದುಕೊಂಡು, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಇಳಿದ. ಅವತ್ತು ನಮ್ಮ ಮನೆಗೆ ಹಾಲು ತಡವಾಗಿ ಬಂತು. ಯಾಕೆ ಎಂದು ನಾನು ಕೇಳಿದ್ದಕ್ಕೆ “ಪಂಕ್ಚರ್ ಆಗಿತ್ರಿ” ಎಂದ.

ಅಷ್ಟೊತ್ತಿಗೆ ಆ ಚಿತ್ರ ಎಷ್ಟು ಮೊಬೈಲುಗಳಿಗೆ ಹೋಗಿತ್ತೋ ದೇವರೇ ಬಲ್ಲ. ನಮ್ಮ ಶಾಲೆಯ ಹುಡುಗರೇ ಸ್ಟೇಟಸ್ಸಿನಲ್ಲಿ ಹಾಕಿಕೊಂಡರು. ನಾನು ಕ್ಲಾಸಿನಲ್ಲಿ ಕಿರುಚಾಡಿದೆ, ಹೆಡ್‌ಮಾಸ್ತರರು ಇಬ್ಬರನ್ನು ಹೊರಗೆ ನಿಲ್ಲಿಸಿದರು. ಬಂತೇನು ಅದು ವಾಪಸು? ಸರ್ಕಲ್ಲಿನ ಫ್ಲೆಕ್ಸನ್ನು ಕುಡಗೋಲಿನಿಂದ ಕೊಯ್ಯಬಹುದು. ಮೊಬೈಲಿನೊಳಗಿನದಕ್ಕೆ ಯಾವ ಕುಡಗೋಲು?

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಆಮೇಲೆ ಯಾರಾದರೂ ನನಗೇ ಫೋನು ಮಾಡಿ ಸಂಸ್ಕೃತಿಯ ಪಾಠ ಹೇಳುವುದು ಬೇಡ. ಈಜುಡುಗೆಯಲ್ಲಿ ತಪ್ಪೇನೂ ಇಲ್ಲ. ಟಿವಿಯಲ್ಲಿ ಎಂಟೂ ಹುಡುಗಿಯರು ಅದನ್ನೇ ತೊಟ್ಟಿದ್ದರು, ಕೆಲಸದ ಬಟ್ಟೆ ಅದು. ರೇಣುಕಾ ಮುಂದೆ ಅದನ್ನೇ ತೊಡುತ್ತಿದ್ದಳೋ ಏನೋ. ಅದು ಅವಳು ಆರಿಸಿಕೊಂಡು ತೊಡಬೇಕಾದ್ದು. ಬೇರೆ ಯಾರದೋ ಮೈಯನ್ನು ಅವಳಿಗೆ ಅಂಟಿಸಿ ಸರ್ಕಲ್ಲಿನಲ್ಲಿ ನಿಲ್ಲಿಸಿದವರು ನಾವು. ಅದೂ ಪ್ರೀತಿಯಿಂದ! ಶುಭ ಕೋರಿ!

ರಾಜ್ಯಮಟ್ಟಕ್ಕೆ ಹೋಗುವುದಿಲ್ಲವಂತೆ ಎಂದು ಪಿ.ಟಿ. ಮಾಸ್ತರರು ಹೇಳಿದಾಗ ನಾನೇ ಹುನ್ನೂರಿಗೆ ಹೋದೆ. ಬೀರಪ್ಪ ಕೊಟ್ಟಿಗೆಯಲ್ಲಿದ್ದ. ಕಂಬಳಿ ಹಾಸಿ ಕೂರಿಸಿದ.

“ನಾ ಬ್ಯಾಡ ಅಂದಿಲ್ರಿ ಅಕ್ಕಾರ” ಎಂದ. “ನೀರಿಗಿ ಇಳಿ ಬೇ, ನಾ ಕಟ್ಟಿ ಮ್ಯಾಲ ನಿಂದರತೀನಿ ಅಂತ ದಿನಾ ಕರಿತೀನ್ರಿ. ಆಕೀನ ಒಲ್ಲೆ ಅಂತಾಳ.”

ರೇಣುಕಾಳನ್ನು ಹಿತ್ತಲಿಗೆ ಕರೆದು ಕೇಳಿದೆ. ಅವಳು ಸೆಗಣಿಯ ಬುಟ್ಟಿ ಕೆಳಗಿಟ್ಟು, ಅಪ್ಪನಿಗೆ ಕೇಳಿಸದ ಹಾಗೆ ಹೇಳಿದಳು.

“ನಮ್ಮಪ್ಪ ಈಗ ಸರ್ಕಲ್ ಮ್ಯಾಗಿಂದ ಬರೂದಿಲ್ರಿ. ಸುತ್ತ ಹಾಕಿ ಹಿಂದಿನ ಹಾದೀಲೆ ಬರ್ತಾನ. ಚಾದ ಅಂಗಡ್ಯಾಗ ಕುಂದರೂದ ಬಿಟ್ಟಾನ. ನಾ ಮತ್ತ ಈಸಾಕ ಹೋದ್ರ ಮತ್ತ ಅದ ಮಾತ ಆಗತಾವ್ರಿ. ಅವಂಗ ತಲಿ ಎತ್ತಾಕ ಆಗವಲ್ದು.”

ಅಪ್ಪನ ತಲೆ ತಗ್ಗಬಾರದೆಂದು ಮಗಳು ನೀರು ಬಿಟ್ಟಳು. ಮಗಳು ನೀರು ಬಿಟ್ಟಳೆಂದು ಅಪ್ಪನ ತಲೆ ಇನ್ನಷ್ಟು ತಗ್ಗಿತು. ಇಬ್ಬರನ್ನೂ ಎದುರುಬದುರು ಕೂರಿಸಿ ಮಾತಾಡಿಸಿದೆ. ಇಬ್ಬರೂ ಹಾಲು, ಮೇವಿನ ಮಾತಾಡಿದರು. ತಾಯಿ ಒಳಗಿನಿಂದ ಚಹಾ ತಂದಿಟ್ಟು, “ಹೋಗಲಿ ಬಿಡ್ರಿ, ಆತಲ್ಲ” ಎಂದಳು. ಅವಳ ದನಿಯಲ್ಲಿ ಸ್ವಲ್ಪ ಸಮಾಧಾನ ಇತ್ತು. ನನಗೆ ಅದೇ ಹೆಚ್ಚು ಚುಚ್ಚಿತು.

ಹೊರಡುವಾಗ ಬೀರಪ್ಪ ಕೊಟ್ಟಿಗೆಯ ಜಂತಿಯಲ್ಲಿ ಸಿಕ್ಕಿಸಿದ್ದ ಮಡಿಕೆಯೊಂದನ್ನು ತೋರಿಸಿದ. ಫ್ಲೆಕ್ಸಿನ ತುಂಡು. ನಮ್ಮಲ್ಲಿ ಹಳೆಯ ಫ್ಲೆಕ್ಸ್ ಯಾರೂ ಬಿಸಾಡುವುದಿಲ್ಲ, ಮೇವಿನ ಬಣವೆಗೋ ಕಟ್ಟಿಗೆಯ ರಾಶಿಗೋ ಹೊದಿಸುತ್ತಾರೆ. ಇದನ್ನು ಯಾವುದಕ್ಕೆ ಹೊದಿಸುವುದು?

“ಮಗಳ ಮಾರಿ ಐತ್ರಿ ಅದರಾಗ, ಸುಡಾಕ ಮನಸ ಬರವಲ್ದು” ಎಂದ. “ಮೈ ಆಕೀದಲ್ರಿ, ಇಟಗೊಳ್ಳಾಕೂ ಆಗವಲ್ದು. ಏನ ಮಾಡ್ಲಿ ನೀವ ಹೇಳ್ರಿ.”

ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಮಕ್ಕಳಿಗೆ ಉತ್ತರ ಹೇಳಿಕೊಟ್ಟವಳು ನಾನು. ಬೀರಪ್ಪನಿಗೆ ಮಾತ್ರ “ಸದ್ಯೇಕ ಅಲ್ಲೇ ಇರಲಿ ಬಿಡು” ಎಂದು ಹೇಳಿ ಬಂದೆ.

ಫ್ಲೆಕ್ಸಿನ ಉಳಿದ ಭಾಗ ಸರ್ಕಲ್ಲಿನಲ್ಲಿ ಇನ್ನೂ ಇದೆ. ಇಳಿಸುವವರು ಯಾರು? ಮೇಲಿನ ಸಾಲಿನ ಮುಖಗಳನ್ನು ಇಳಿಸಿದವನಿಗೆ ಉಳಿಗಾಲ ಉಂಟೇ? ಹೀಗಾಗಿ ನಡುವೆ ಆಳೆತ್ತರದ ತೂತು, ಸುತ್ತಲೂ ನಗುವ ನಾಯಕರು, ಕೆಳಗೆ ತೂತಿಗೆ ಶುಭ ಕೋರುವ ಹದಿನೈದು ಇಪ್ಪತ್ತು ಜನ. ಗಾಳಿ ಬಂದರೆ ತೂತಿನ ಅಂಚು ಪಟಪಟ ಬಡಿದುಕೊಳ್ಳುತ್ತದೆ. ಆ ತೂತಿನೊಳಗಿನಿಂದ ಬಸ್ ಸ್ಟ್ಯಾಂಡ್ ಕಾಣುತ್ತದೆ.

ನನ್ನ ಮನೆ ಇರುವುದು ಸರ್ಕಲ್ಲಿನ ಆಚೆ. ಅಪ್ಪನಿಗೆ ಆ ಸುತ್ತು ತಪ್ಪಲೆಂದು ರಜೆಯ ದಿನ ನಮ್ಮ ಓಣಿಗೆ ಹಾಲು ತರುವುದು ಈಗ ರೇಣುಕಾ. ಸೈಕಲ್ಲಿನ ಮೇಲೆ, ಅದೇ ಫ್ಲೆಕ್ಸಿನ ಕೆಳಗೆ ಹಾದು ಬರುತ್ತಾಳೆ. ಭಾನುವಾರ ತಡೆಯಲಾರದೆ ಕೇಳಿಬಿಟ್ಟೆ. “ಆ ಹಾದೀಲೆ ಬರಾಕ ನಿನಗ ಏನೂ ಅನಸೂದಿಲ್ಲೇನವಾ?”

“ಏನ ಅನಸತೈತ್ರಿ” ಎಂದಳು. “ಅದರಾಗ ಈಗ ನಾ ಇಲ್ಲಲ್ರಿ.”

ಆಮೇಲೆ ಗೋಡೆ ಗಡಿಯಾರ ನೋಡಿ, “ಇಷ್ಟೊತ್ತಿಗಿ ಅಲ್ಲೆ ನಮ್ದೂ ಚಾಲೂ ಆಗಿರತೈತಿ” ಎಂದಳು. ಅದಾದ ಮೇಲೆ ಟಿವಿಯಿಂದ ಕಣ್ಣು ಕೀಳಲಿಲ್ಲ.

ಅವಳು ಯಾರನ್ನು ನೋಡುತ್ತಿದ್ದಾಳೆ ಎಂದು ನನಗೆ ತಿಳಿದದ್ದೇ ತಡವಾಗಿ. ಮುಂದಿದ್ದವಳನ್ನಲ್ಲ. ತೀರಾ ಅಂಚಿನ ಲೇನಿನಲ್ಲಿ ಕಪ್ಪು ಟೋಪಿಯ ಹುಡುಗಿಯೊಬ್ಬಳಿದ್ದಳು, ನಾನು ಹೆಸರೂ ಕೇಳಿರದ ಯಾವುದೋ ಪುಟ್ಟ ದೇಶದವಳು. ಉಳಿದವರಿಗಿಂತ ಬಹಳ ಹಿಂದೆ ಬಿದ್ದಿದ್ದಳು. ಅವಳೂ ಗೋಡೆಯ ಬಳಿ ಪಲ್ಟಿ ಹೊಡೆಯುತ್ತಿರಲಿಲ್ಲ. ಕೈಯಿಂದ ಹಿಡಿದು, ಒಂದು ಕ್ಷಣ ನಿಂತು, ತಿರುಗುತ್ತಿದ್ದಳು.

“ಆಕಿ ಬಾವ್ಯಾಗ ಕಲತಾಳ್ರಿ ಅಕ್ಕಾರ” ಎಂದಳು ರೇಣುಕಾ. ಅವತ್ತು ಅವಳು ನಕ್ಕದ್ದು ಆಗ ಒಮ್ಮೆ ಮಾತ್ರ.

ಮುಂದಿದ್ದವಳ ಕೊನೆಯ ಸುತ್ತಿಗೆ ಗಂಟೆ ಬಾರಿಸಿದರು. ಅವಳು ಬಂದು ಮುಟ್ಟಿದಳು. ಜನ ಎದ್ದು ನಿಂತರು. ಒಬ್ಬೊಬ್ಬರಾಗಿ ಉಳಿದವರೂ ಬಂದು ಮುಟ್ಟಿ, ಹಗ್ಗದ ಮೇಲೆ ತೋಳಿಟ್ಟು ಏದುಸಿರು ಬಿಟ್ಟರು. ಕಪ್ಪು ಟೋಪಿಯವಳು ಆ ತುದಿಯಲ್ಲಿ ಇನ್ನೂ ಈಜುತ್ತಿದ್ದಳು, ಒಬ್ಬಳೇ. ಅಷ್ಟು ದೊಡ್ಡ ನೀರಿನಲ್ಲಿ ಒಂದೇ ಒಂದು ಕೈ ಏಳುವುದು, ಬೀಳುವುದು. ರೇಣುಕಾಳ ಉಗುರು ತಟ್ಟೆಯ ಅಂಚನ್ನು ಒತ್ತಿ ಹಿಡಿದಿತ್ತು. ನನಗೇ ಗೊತ್ತಿಲ್ಲದಂತೆ ನಾನೂ ನೆಲದ ಮೇಲೆ ಅವಳ ಪಕ್ಕ ಬಂದು ಕೂತಿದ್ದೆ.

ಅಷ್ಟರಲ್ಲಿ ಕ್ಯಾಮೆರಾ ಗೆದ್ದವಳ ಮುಖಕ್ಕೆ ಹೋಯಿತು. ಅವಳು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಏನೋ ಮಾತಾಡಿದಳು. ಆಮೇಲೆ ಜಾಹೀರಾತು ಬಂತು, ಯಾವುದೋ ಸಿಮೆಂಟಿನದು. ಜಾಹೀರಾತು ಮುಗಿಯುವಾಗ ಮುಂದಿನ ಹೀಟ್ಸಿನ ಹುಡುಗಿಯರು ಸಾಲಾಗಿ ನಿಂತಿದ್ದರು. ನೀರು ಖಾಲಿ.

“ಅಕ್ಕಾರ, ಆಕಿ ಮುಟ್ಟಿದಳೇನ್ರಿ?”

ನನಗೆ ಗೊತ್ತಿರಲಿಲ್ಲ. “ಮುಟ್ಟಿರತಾಳವಾ” ಎಂದೆ. ಅವಳು ನನ್ನ ಮುಖ ನೋಡಿದಳು. ತಣ್ಣಗಾದ ಉಪ್ಪಿಟ್ಟನ್ನು ನನ್ನ ಮನಸ್ಸಿಗೆ ನೋವಾಗಬಾರದೆಂದು ಎರಡೇ ತುತ್ತಿನಲ್ಲಿ ಮುಗಿಸಿ, ತಟ್ಟೆ ತೊಳೆದಿಟ್ಟು, ಖಾಲಿ ಕ್ಯಾನು ಎತ್ತಿಕೊಂಡು ಹೋದಳು. ಅವಳು ಹೋದ ಮೇಲೆ ನಾನು ಮೊಬೈಲಿನಲ್ಲಿ ಹುಡುಕಿದೆ. ಗೆದ್ದವಳ ಫೋಟೋಗಳು ಬೇಕಾದಷ್ಟು ಸಿಕ್ಕವು. ಕಪ್ಪು ಟೋಪಿಯವಳು ಎಲ್ಲೂ ಸಿಗಲಿಲ್ಲ.

ಈ ಅಂಕಣ ಓದುವ ನೀವು ಜಾಣರು, ಟಿವಿ ಮೊಬೈಲು ಎಲ್ಲ ಚೆನ್ನಾಗಿ ಬಲ್ಲವರು. ಬರುವ ಭಾನುವಾರ ಹಾಲು ತಂದಾಗ ಅವಳು ಮತ್ತೆ ಕೇಳುತ್ತಾಳೆ, ನನಗೆ ಗೊತ್ತು. ದಯವಿಟ್ಟು ಹೇಳಿ, ಆ ಹುಡುಗಿ ಗೋಡೆ ಮುಟ್ಟಿದ್ದನ್ನು ನಿಮ್ಮಲ್ಲಿ ಒಬ್ಬರಾದರೂ ನೋಡಿದಿರಾ?